ರಾಯರ ಪ್ರಸ್ಥಾನ

"ಮೈಸೂರಿಂದ ಹುಬ್ಬಳ್ಳಿಗೆ ನಾನೂರು ಕಿಲೋಮೀಟರ್. ಬಸ್ಸಿಗೆ ಎಂಟು ಗಂಟೆ, ವಿಮಾನಕ್ಕೆ ಒಂದೇ ಗಂಟೆ ಕಣೇ!" ವಾರದಿಂದ ವಾಸುದೇವರಾಯರದು ಹೆಂಡತಿಯ ಮುಂದೆ ಇದೇ ಪುರಾಣ. ಸೋಮವಾರ ಸಂಜೆ ಏಳಕ್ಕೆ ಅಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರವಿತ್ತು.

ಆದರೆ ಅಂದು ಬೆಳಿಗ್ಗೆ ಮನೆ ಬಿಡಬೇಕಾದ ಹೊತ್ತು ಸರಿಯಾಗಿ ರಾಹುಕಾಲ. ಅದಕ್ಕೇ ರಾಯರು ಭಾನುವಾರವೇ ಒಳ್ಳೆಯ ಗಳಿಗೆ ನೋಡಿ, ತಮ್ಮ ಚೀಲವನ್ನು ಪಕ್ಕದ ಮನೆಯಲ್ಲಿಟ್ಟು ಪ್ರಸ್ಥಾನ ಮಾಡಿಬಂದರು.

"ಅಲ್ಲಿಗೆ ಪ್ರಯಾಣ ಶುರುವಾದ ಹಾಗೇ," ಎಂದರು.

"ರಾಹುವಿಗೇ ಟೋಪಿ ಹಾಕಿದ್ರಿ ಬಿಡಿ," ಎಂದು ಸುನಂದಮ್ಮ ನಕ್ಕರು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಆಧಾರ್ ಕಾರ್ಡು ಕೇಳಿದರು. ಸುನಂದಮ್ಮನದು ಪರ್ಸಿನಲ್ಲಿತ್ತು. ರಾಯರದು ಚೀಲದಲ್ಲಿತ್ತು, ಚೀಲ, ಹೊರಡುವ ಗಡಿಬಿಡಿಯಲ್ಲಿ, ಪಕ್ಕದ ಮನೆಯಲ್ಲೇ ಉಳಿದಿತ್ತು.

"ನೀನು ಹೋಗು, ನಾನು ಚೀಲ ತಗೊಂಡು ಬಸ್ಸಲ್ಲಿ ಬರ್ತೀನಿ," ಎಂದು ರಾಯರು ಆಟೋ ಹತ್ತಿದರು.

ಹತ್ತೂವರೆಗೆ ಸುನಂದಮ್ಮ ಹುಬ್ಬಳ್ಳಿಯಲ್ಲಿ ಇಳಿದು ಫೋನ್ ಮಾಡಿದರು. "ರೀ, ನೀವು ಹೇಳಿದ ಹಾಗೇ ಒಂದೇ ಗಂಟೆ. ನೀವು ಹೊರಟ್ರಾ?"

"ಬಸ್ಸಿರೋದು ಹನ್ನೊಂದಕ್ಕೆ ಕಣೇ, ಆಗ ಯಮಗಂಡಕಾಲ. ಅದಕ್ಕೇ ಚೀಲಾನ ಮೊದಲೇ ಮತ್ತೆ ಪಕ್ಕದ ಮನೇಲಿಟ್ಟು ಬಂದಿದೀನಿ."