ಸ್ಫಟಿಕದ ಗುಂಡು

ಸ್ಫಟಿಕದ ಗುಂಡಿನ ಮೂಲಕ ನೋಡಿದಾಗ ಅದರಡಿಯ ಕಪ್ಪು ರೇಷ್ಮೆ ಎಳೆ ಒಂದೇ ಆಗಿ ಕಂಡಿತು. ನಿಜವಾದ ಸ್ಫಟಿಕವಾದರೆ ಎಳೆ ಎರಡಾಗಿ ಕಾಣುತ್ತದೆ, ಗಾಜಾದರೆ ಒಂದೇ ಎಂದು ಜಮಖಂಡಿಯ ಹರಳಿನ ವ್ಯಾಪಾರಿ ಅನಂತಪ್ಪ ಆಗಷ್ಟೇ ಹೇಳಿದ್ದ. ಪೂರ್ಣಿಮಾ ಇನ್ನೊಮ್ಮೆ ಬಗ್ಗಿ ನೋಡಿದಳು.

“ನಾ ಹೇಳಿರಲಿಲ್ಲೇನ್ರಿ?” ಅತ್ತೆ ಶಾಂತವ್ವ ಅಂಗಡಿಯ ಕುರ್ಚಿಯಿಂದ ಎದ್ದೇಬಿಟ್ಟಳು. “ನಮ್ಮ ದೇವರ ಜಗಲಿ ಮ್ಯಾಲಿನ ಗುಂಡು ಮಬ್ಬಿತ್ತು. ಇಕಿ ಬೀಳಗಿಗೆ ತವರಿಗೆ ಹೋಗಿ ಬಂದಮ್ಯಾಲೆ ಫಳಫಳ ಹೊಳ್ಯಾಕತ್ತೈತಿ. ಬದಲಿ ಮಾಡ್ಯಾಳ!”

“ದೀಪದ ಎಣ್ಣಿ ಜಿಡ್ಡು ಕುಂತಿತ್ರಿ ಅತ್ತಿ. ಸೀಗಿಪುಡಿ ಹಚ್ಚಿ ತಿಕ್ಕೇನಿ, ಅಷ್ಟ.”

“ಜಿಡ್ಡಂತ ಜಿಡ್ಡು! ನಲವತ್ತು ವರ್ಷ ನಾ ಪೂಜಿ ಮಾಡೇನಿ.”

ಅನಂತಪ್ಪ ಗುಂಡಿನಿಂದ ಕಣ್ಣು ತೆಗೆಯಲಿಲ್ಲ. “ತಡೀರಿ ಅವ್ವಾರ. ಒಂದು ದಿಕ್ಕಿನಿಂದ ನೋಡಿದ್ರ ಖರೆ ಸ್ಫಟಿಕದಾಗೂ ಎಳಿ ಒಂದೇ ಕಾಣತೈತಿ. ತಿರುಗಿಸಿ ನೋಡೂಣು.”

ಅವನು ಗುಂಡನ್ನು ಕೂದಲೆಳೆಯಷ್ಟೇ ಹೊರಳಿಸಿದ. ಏನೂ ಆಗಲಿಲ್ಲ. ಇನ್ನಷ್ಟು ಹೊರಳಿಸಿದ. ಎಳೆಯ ಅಂಚು ಮೊದಲು ಮಸುಕಾಯಿತು, ಆಮೇಲೆ ಎಳೆ ನಿಧಾನವಾಗಿ ಸೀಳಿಕೊಂಡು, ಸ್ಪಷ್ಟವಾಗಿ ಎರಡಾಯಿತು.

ಶಾಂತವ್ವ ಮತ್ತೆ ಕುಳಿತುಬಿಟ್ಟಳು. “ನೀ ಬದಲಿ ಮಾಡೀದಿ ಅಂತ ಬನಹಟ್ಟಿಯ ನಮ್ಮ ಓಣಿಗೆಲ್ಲ ಹೇಳಿಬಿಟ್ಟೇನಲ್ಲ ಬೇ,” ಎಂದಳು. ದನಿ ಕುಗ್ಗಿತ್ತು.

ಪೂರ್ಣಿಮಾ ಗುಂಡನ್ನು ಅತ್ತೆಯ ಉಡಿಯಲ್ಲಿಟ್ಟು, ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು.

“ಹಂಗಾರ ಮನಿಮನಿಗೂ ಹೋಗಿ ತೋರಿಸಿ ಬರೂಣು ನಡೀರಿ ಅತ್ತಿ. ಗುಂಡು ನೀವು ತಿರುಗಸ್ರಿ, ಎಳಿ ನಾ ಹಿಡೀತೇನಿ.”