ಖಾಲಿ ಕುರ್ಚಿಯ ಒಂದು ನಿಮಿಷ

"ಒಂದರಿಂದ ಐವತ್ತೊಂಬತ್ತರವರೆಗೆ ಆಯ್ತು. ಈಗ 'ನಿಮಿಷ' ಅನ್ನಿ," ಎಂದ ಸೌಂಡ್ ಎಂಜಿನಿಯರ್.

"ಬರೀ ನಿಮಿಷವಾ?"

"ಬರೀ ನಿಮಿಷ. ಆಮೇಲೆ ಬರೀ 'ತಡವಾಗಿ'. ಆಮೇಲೆ 'ರದ್ದಾಗಿದೆ'."

ಆ ರೈಲು ನಿಲ್ದಾಣದಲ್ಲಿ ಯಾವ ಗಾಡಿ ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಇಪ್ಪತ್ತೆರಡು ವರ್ಷದಿಂದ ಹೇಳುತ್ತ ಬಂದವಳು ಅವಳು. ಗುಡಿಸುವವರಿಂದ ಹಿಡಿದು ಸ್ಟೇಷನ್ ಮಾಸ್ತರರವರೆಗೆ ಎಲ್ಲರಿಗೂ ಮೈಕಮ್ಮ. ವಾಕ್ಯವನ್ನು ಹೀಗೆ ಸೊಪ್ಪು ಹೆಚ್ಚಿದಂತೆ ಹೆಚ್ಚಿ ಕೊಡಿ ಎಂದು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಹೊಸ ಸ್ಪೀಕರುಗಳನ್ನು ನಿಮ್ಮ ದನಿಗೆ ಹೊಂದಿಸಬೇಕು, ಅದಕ್ಕೇ ಇದೆಲ್ಲ ಎಂದು ಎಂಜಿನಿಯರ್ ಮೊದಲ ದಿನವೇ ಹೇಳಿದ್ದ. ಇವತ್ತು ಮೂರನೇ ದಿನ. ಊರುಗಳ ಹೆಸರು ಮುಗಿದಿದ್ದವು, ಗಾಡಿಗಳ ನಂಬರು ಮುಗಿದಿದ್ದವು. ಸ್ಪೀಕರು ಹೊಂದಿಸುವುದಕ್ಕೆ ಇಷ್ಟೆಲ್ಲ ಯಾಕೆ ಬೇಕು ಎಂದು ಅವಳ ತಲೆ ಕೊರೆಯುತ್ತಿತ್ತು.

ಬೆಳಿಗ್ಗೆ ಸ್ಟೇಷನ್ ಮಾಸ್ತರರ ಹತ್ತಿರ ಹೋಗಿ, ಈ ರೆಕಾರ್ಡಿಂಗು ಇನ್ನೆಷ್ಟು ದಿನ ಸಾರ್ ಎಂದಷ್ಟೇ ಕೇಳಿದ್ದಳು. "ನಿಮ್ಮನ್ನ ತೆಗೀತಾರೆ ಅಂತ ಯಾರು ಹೇಳಿದ್ದು? ಅಂಥದ್ದೇನೂ ಇಲ್ಲ," ಎಂದುಬಿಟ್ಟಿದ್ದರು ಅವರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ಆಗಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನಿವೃತ್ತಿಗೆ ಇನ್ನೂ ಏಳು ವರ್ಷವಿತ್ತು. ಮಗಳ ಓದು ಅರ್ಧದಲ್ಲಿತ್ತು, ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇರಲಿಲ್ಲ. ಈ ದನಿ ಬಿಟ್ಟರೆ ಅವಳ ಕೈಯಲ್ಲಿ ಇನ್ನೊಂದು ಕಸುಬೂ ಇರಲಿಲ್ಲ.

ಆ ಕೋಣೆಯ ಕಾನೂನು ಮಾತ್ರ ಪೂರ್ತಿ ಅವಳದೇ. ಗೋಡೆಯ ಮೇಲೆ ಕೆಂಪು ದೀಪ ಹತ್ತಿತೆಂದರೆ ಮೈಕು ಕೇಳಿಸಿಕೊಳ್ಳುತ್ತಿದೆ ಎಂದರ್ಥ. ಆಗ ಯಾರೂ ಪಿಟಕ್ ಎನ್ನಬಾರದು. ಕೈಗಡಿಯಾರವನ್ನು ಬಿಚ್ಚಿಟ್ಟೇ ಅವಳು ಕೂರುತ್ತಿದ್ದಳು. ಬಾಗಿಲ ಕೀಲುಗಳಿಗೆ ತಿಂಗಳಿಗೊಮ್ಮೆ ತಾನೇ ಎಣ್ಣೆ ಬಿಡುತ್ತಿದ್ದಳು. ಕೀಗೊಂಚಲು ಕುಣಿಸುತ್ತ ಒಳಗೆ ಬಂದ ದೊಡ್ಡ ಸಾಹೇಬರೊಬ್ಬರನ್ನು ಕಣ್ಣಲ್ಲೇ ಹೊರಗೆ ಕಳಿಸಿದ್ದಳು. ಎಂಜಿನಿಯರ್ ಅದನ್ನು ಮೆಚ್ಚಿ, ತನ್ನ ಯಂತ್ರವನ್ನೂ ಅದೇ ದೀಪಕ್ಕೆ ಜೋಡಿಸಿಕೊಂಡಿದ್ದ.

'ರದ್ದಾಗಿದೆ' ಕೂಡ ಮುಗಿಯಿತು. ಅವನು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿದ. "ಮಾತೆಲ್ಲ ಆಯ್ತು ಮೇಡಂ. ಇನ್ನು ಒಂದು ನಿಮಿಷ ಏನೂ ಮಾತಾಡದೆ ಕೂತ್ಕೊಳ್ಳಿ. ಅದನ್ನೂ ರೆಕಾರ್ಡ್ ಮಾಡ್ಕೋಬೇಕು."

"ಸುಮ್ಮನೆ ಕೂತಿದ್ದನ್ನೂ ರೆಕಾರ್ಡ್ ಮಾಡ್ತಾರಾ? ಯಾಕೆ?"

ಕೆಲಸದ ಮೇಲಿನ ಪ್ರೀತಿ ಅವನ ಬಾಯಿ ಬಿಡಿಸಿತು. ಖಾಲಿ ಕೋಣೆಗೂ ಒಂದು ಸದ್ದಿರುತ್ತದೆ; ಈ ಗಾಜು, ಈ ತಗಡಿನ ಸೂರು, ದೂರದ ಹಳಿ ಎಲ್ಲ ಸೇರಿ ಆದದ್ದು. ಬಿಡಿಬಿಡಿ ಮಾತುಗಳನ್ನು ಕಂಪ್ಯೂಟರ್ ಜೋಡಿಸುವಾಗ ನಡುವಿನ ಸಂದಿಗೆ ಅದನ್ನೇ ತುಂಬಬೇಕು. ಇಲ್ಲದಿದ್ದರೆ ಅಲ್ಲಿ ಕೂತು ಹೇಳುತ್ತಿರುವುದು ಮನುಷ್ಯರಲ್ಲ ಎಂದು ಜನರಿಗೆ ಗೊತ್ತಾಗಿಬಿಡುತ್ತದೆ ಎಂದ. ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆನೆಂಬುದು ಅವನಿಗೆ ಹೊಳೆಯಿತು. ತಲೆ ತಗ್ಗಿಸಿ ವೈರು ಸುತ್ತತೊಡಗಿದ.

ಮೈಕಮ್ಮನ ಮೂರು ದಿನದ ಅನುಮಾನ ಸುಳ್ಳಾಗಿರಲಿಲ್ಲ. ತನ್ನನ್ನು ಕಳಿಸುವುದಕ್ಕೆ ಬೇಕಾದದ್ದನ್ನೆಲ್ಲ ತಾನೇ ಒಂದೊಂದಾಗಿ ಎತ್ತಿ ಕೊಟ್ಟಿದ್ದಳು.

"ಮಾತೆಲ್ಲ ತಗೊಂಡ್ರಿ. ಇದೊಂದನ್ನ ನಾನು ಕೊಡಲ್ಲಪ್ಪ," ಎಂದಳು.

ದೀಪ ಹತ್ತಿತು. ಅವಳು ಕೆಮ್ಮಿದಳು. ಮತ್ತೆ ಹತ್ತಿತು, ಕುರ್ಚಿ ಕಿರುಗುಟ್ಟಿಸಿದಳು. ಮೂರನೇ ಸಲ ಬಿಚ್ಚಿಟ್ಟಿದ್ದ ಕೈಗಡಿಯಾರ ಎತ್ತಿ ಮೇಜಿನ ಮೇಲೆ ಕುಟ್ಟಿದಳು. ಇಪ್ಪತ್ತೆರಡು ವರ್ಷದಲ್ಲಿ ಆ ದೀಪದ ಕೆಳಗೆ ಮಾಡದ ಗದ್ದಲವನ್ನೆಲ್ಲ ಮಾಡಿದಳು. ಎಂಜಿನಿಯರ್ ಕೋಪಿಸಿಕೊಳ್ಳಲಿಲ್ಲ. ಗಾಜಿನಾಚೆ ಕೂತಿದ್ದ ಸ್ಟೇಷನ್ ಮಾಸ್ತರರ ಕಡೆ ಒಮ್ಮೆ ನೋಡಿದ, ಅಷ್ಟೇ.

ಸ್ವಲ್ಪ ಹೊತ್ತಿಗೆ ಮಾಸ್ತರರೇ ಬಾಗಿಲಿಗೆ ಬಂದರು. ಇನ್ನು ಮುಕ್ಕಾಲು ಗಂಟೆ ಯಾವ ಗಾಡಿಯೂ ಇಲ್ಲ, ಹೋಗಿ ನಿಧಾನವಾಗಿ ಊಟ ಮಾಡಿ ಎಂದರು. ಅವಳು ಉಂಡಳೋ ಬಿಟ್ಟಳೋ ಎಂದು ಅವರು ಹಿಂದೆಂದೂ ಕೇಳಿದವರಲ್ಲ. ವಿಶ್ರಾಂತಿ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಎರಡು ತುತ್ತು ಬಾಯಿಗಿಟ್ಟಳು. ಇವತ್ತೇ ಯಾಕೆ ಇಷ್ಟು ಅಕ್ಕರೆ? ಡಬ್ಬಿ ಮುಚ್ಚಿಕೊಂಡು ದಡಬಡ ವಾಪಸು ಬಂದು ಬಾಗಿಲು ತೆರೆದಳು. ಎಣ್ಣೆ ಬಿಟ್ಟ ಬಾಗಿಲು, ಸದ್ದೇ ಆಗಲಿಲ್ಲ.

ಕೆಂಪು ದೀಪ ಉರಿಯುತ್ತಿತ್ತು. ಅವಳ ಕುರ್ಚಿ ಖಾಲಿಯಿತ್ತು. ಅವಳು ಕೂತರೆ ಬಾಯಿ ಎಲ್ಲಿರುತ್ತದೋ ಅದೇ ಎತ್ತರಕ್ಕೆ ಮೈಕು ನಿಂತಿತ್ತು. ಎಂಜಿನಿಯರ್ ಕಣ್ಣು ಮುಚ್ಚಿ, ಹೆಡ್‌ಫೋನ್ ಒತ್ತಿ ಹಿಡಿದು, ಆ ಖಾಲಿ ಕುರ್ಚಿಯನ್ನು ಕೇಳುತ್ತಿದ್ದ. ಅದನ್ನು ಕೆಡಿಸುವುದಕ್ಕೆ ಒಂದು ಕೆಮ್ಮು ಸಾಕಿತ್ತು.

ದೀಪ ಆರಿತು. ಅವನು ಕಣ್ಣು ಬಿಟ್ಟು, ಅವಳನ್ನು ನೋಡಿ, ಗಡಬಡಿಸಿ ಎದ್ದ.

"ಸದ್ದು ಮಾಡ್ಲಿಲ್ವಲ್ಲ ಮೇಡಂ, ದೊಡ್ಡ ಉಪಕಾರ ಆಯ್ತು. ತುಂಬಾ ಚೆನ್ನಾಗಿ ಬಂದಿದೆ."

ಆಗ ಮೈಕಮ್ಮನಿಗೆ ಗೊತ್ತಾಯಿತು: ಬಾಗಿಲು ತೆರೆದಾಗಿನಿಂದ ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು, ಡಬ್ಬಿಯ ಮುಚ್ಚಳ ಅಲುಗದ ಹಾಗೆ ಎರಡೂ ಕೈಯಿಂದ ಅದುಮಿಕೊಂಡು.