ಕುಡಿದು ತೋರಿಸಿದ ನೀರು

ವಾರದಿಂದ ಬೀದಿ ನಲ್ಲಿಯ ನೀರು ನಾರುತ್ತಿತ್ತು. ಜನ ರೊಚ್ಚಿಗೆದ್ದು ನೀರಿನ ಕಂಪನಿಯ ಜೀಪಿಗೆ ಅಡ್ಡ ನಿಂತಿದ್ದರು. ಹೊಸದಾಗಿ ಸೇರಿದ ಟ್ರೈನಿ ಎಂಜಿನಿಯರುಗಳಲ್ಲಿ ಸಾಹೇಬರು ಹತ್ತಿರ ಕರೆದದ್ದು ತುಳಸಿಯೊಬ್ಬಳನ್ನೇ.

"ಬ್ಲೀಚಿಂಗ್ ಪೌಡರ್ ವಾಸನೆ ಅಷ್ಟೇ ಅಂತ ಹೇಳಿ, ಎಲ್ಲರೆದುರು ಒಂದು ಲೋಟ ಕುಡಿದು ತೋರಿಸು."

"ಸರ್, ಪೈಪ್ ಒಡೆದು ಚರಂಡಿ ನೀರು ಸೇರ್ತಿದೆಯಲ್ಲ?"

"ರಿಪೇರಿ ನಾಳೆ ಆಗುತ್ತೆ. ಇವತ್ತು ಗಲಾಟೆ ನಿಲ್ಲಬೇಕು. ಹೆದರಬೇಡಮ್ಮ, ಜಗ್ಗಿನಲ್ಲಿರೋದು ಕ್ಯಾನ್ ನೀರು."

"ನಾನೇ ಯಾಕೆ ಸರ್?"

"ನೀನು ಇದೇ ಬೀದಿಯವಳು. ನಾವು ಕುಡಿದರೆ ಯಾರು ನಂಬ್ತಾರೆ? ಟ್ರೈನಿಂಗ್ ಮುಗಿದ ಮೇಲೆ ಯಾರನ್ನ ಖಾಯಂ ಮಾಡೋಣ ಅಂತ ನನ್ನನ್ನೇ ಕೇಳ್ತಾರೆ, ನೆನಪಿರಲಿ."

ತುಳಸಿ ಲೋಟವೆತ್ತಿ ಗಟಗಟನೆ ಕುಡಿದಳು. ಚಿಕ್ಕಂದಿನಿಂದ ಅವಳನ್ನು ಎತ್ತಿ ಆಡಿಸಿದವರೇ ಚಪ್ಪಾಳೆ ತಟ್ಟಿ ದಾರಿ ಬಿಟ್ಟರು. ಅವಳಿಗೆ ಮುಖವೆತ್ತಲು ಆಗಲಿಲ್ಲ. ಸಂಜೆ ಮನೆಯವರಿಗಾದರೂ ಗುಟ್ಟಾಗಿ ಹೇಳಿಬಿಟ್ಟರಾಯಿತು, ನಾಳೆಯವರೆಗೆ ನಲ್ಲಿ ನೀರು ಮುಟ್ಟುವುದು ಬೇಡ ಎಂದುಕೊಂಡು ಜೀಪು ಹತ್ತಿದಳು.

ಸಂಜೆ ಮನೆಯಲ್ಲಿ ಅತ್ತಿಗೆ ಹಸುಗೂಸನ್ನು ಕಾಲಮೇಲೆ ಮಲಗಿಸಿಕೊಂಡು ಒಳಲೆಯಿಂದ ನೀರು ಕುಡಿಸುತ್ತಿದ್ದಳು.

"ಅತ್ತಿಗೆ, ಆ ನೀರು ಕಾಯಿಸಿದ್ದು ತಾನೆ?"

ಅತ್ತಿಗೆ ಮುಖವರಳಿಸಿ ನಕ್ಕಳು.

"ಆ ಗುಂಪಲ್ಲಿ ನಾನೂ ಇದ್ದೆ ಕಣೆ. ನಮ್ಮ ತುಳಸೀನೇ ಕುಡಿದ ಮೇಲೆ ಇನ್ನೇನು ಭಯ ಅಂತ, ಬೆಳಿಗ್ಗೆಯಿಂದ ಪಾಪುಗೂ ನಲ್ಲಿ ನೀರನ್ನೇ ಕುಡಿಸ್ತಿದೀನಿ."